ಬಾಗಿಲಮ್ಮನ ತಮ್ಮ

ದೊಡ್ಡ ಸಾಹೇಬರು ವೇದಿಕೆ ಮೇಲೆ ಬಾಯಿ ತೆರೆದರೆ ಬರುವ ಮಾತೆಲ್ಲ ಭಾಷಣದಯ್ಯನದು. ಸಾಹೇಬರ ಸ್ವಂತದ್ದು ಅಂತ ಅದರಲ್ಲಿ ಇದ್ದದ್ದು ನಡುನಡುವೆ ಬರುವ ಕೆಮ್ಮು ಒಂದೇ.

ಭಾಷಣದಯ್ಯ ಅನ್ನುವುದು ಆಫೀಸಿನವರು ಇಟ್ಟ ಹೆಸರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಅಲ್ಲಿ ಯಾರಿಗೂ ಬೇಕಾಗುತ್ತಿರಲಿಲ್ಲ. ಕಂಪನಿ ಮಾಡುತ್ತಿದ್ದದ್ದು ನೀರಿನ ಪೈಪು. ಪೈಪಿನ ಬಗ್ಗೆ ಎಷ್ಟು ಅಂತ ಮಾತಾಡೋಕಾಗುತ್ತೆ ಹೇಳಿ? ಆದರೂ ದೊಡ್ಡ ಕಂಪನಿ ಅಂದಮೇಲೆ ಯಾರೋ ನಿವೃತ್ತಿಯಾಗುತ್ತಾರೆ, ಯಾರೋ ತೀರಿಕೊಳ್ಳುತ್ತಾರೆ, ಎಲ್ಲೋ ಹೊಸ ಗೋದಾಮು ಶುರುವಾಗುತ್ತೆ. ಎಲ್ಲದಕ್ಕೂ ಸಾಹೇಬರು ನಾಲ್ಕು ಮಾತಾಡಬೇಕು, ಆ ನಾಲ್ಕು ಮಾತನ್ನು ಇವನು ಬರೆಯಬೇಕು.

ಮೊದಮೊದಲು ಅವನು ನಿಜವಾಗಿ ಬರೆಯುತ್ತಿದ್ದ. ನಿವೃತ್ತಿಯಾಗುವವರ ಹತ್ತಿರ ಹೋಗಿ ಕೂತು, ಅದು ಇದು ಕೇಳಿ, ಅವರ ಮಾತಿನ ಧಾಟಿ ಹಿಡಿದು ಬರೆದುಕೊಡುತ್ತಿದ್ದ. ಸಾಹೇಬರಿಗೆ ಅದು ಹಿಡಿಸಲಿಲ್ಲ. "ಇಷ್ಟೆಲ್ಲ ಯಾಕ್ರೀ? ಯಾರಿಗಾದ್ರೂ ಒಪ್ಪೋ ಹಾಗೆ ಬರೀರಿ" ಅಂದರು. ಸರಿ, ಯಾರಿಗಾದರೂ ಒಪ್ಪುವ ಹಾಗೆ ಬರೆದ. ಬೀಳ್ಕೊಡುಗೆಗೆ ಒಂದು, ಶೋಕಕ್ಕೆ ಒಂದು, ಉದ್ಘಾಟನೆಗೆ ಒಂದು. ಕಂಪ್ಯೂಟರಿನಲ್ಲಿ ತುಂಡು ತುಂಡಾಗಿ ಇಟ್ಟುಕೊಂಡ, ಹೆಸರಿನ ಜಾಗ ಖಾಲಿ ಬಿಟ್ಟ. ಒಮ್ಮೆ ತುಂಡು ಅದಲುಬದಲಾಗಿ, ಹೊಸ ಗೋದಾಮಿನ ಉದ್ಘಾಟನೆಯಲ್ಲಿ ಸಾಹೇಬರು "ಈ ಅಗಲಿಕೆ ನಮಗೆ ತುಂಬಲಾರದ ನಷ್ಟ" ಅಂತ ಓದಿಬಿಟ್ಟರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಅವತ್ತೇ ಇವನಿಗೆ ಬುದ್ಧಿ ಬರಬೇಕಿತ್ತು. ಬುದ್ಧಿ ಬರಲಿಲ್ಲ, ಬಡ್ತಿ ಬಂತು.

ಹಾಗೇ ವರ್ಷಗಳು ಹೋದವು. ಸುಸ್ತು ಅಂದರೆ ಕಲ್ಲು ಹೊತ್ತವನ ಸುಸ್ತಲ್ಲ ಅವನದು. ಕಲ್ಲು ಹೊತ್ತವನಿಗೆ ನಿದ್ದೆಯಾದರೂ ಬರುತ್ತೆ. ಇವನು ಸಂಜೆ ಮನೆಗೆ ಬಂದು ಸೋಫಾದಲ್ಲಿ ಕೂತರೆ ಕಾಲಿನ ಶೂ ಬಿಚ್ಚುವುದಕ್ಕೂ ಮನಸ್ಸು ಬಾರದು. ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟು. "ಅಲ್ಲಿ ದಿನವಿಡೀ ಬಾಯಿ ತೆರೆದು ಕೂತವರನ್ನ ನೋಡಿ ಬರ್ತೀನಿ, ಇಲ್ಲಿ ಬಂದ್ರೆ ಬಾಯೇ ತೆರೀದೆ ಕೂತವರು. ನನ್ನ ಹಣೆಬರಹ" ಅನ್ನುತ್ತ ಅವಳೇ ಶೂ ಎಳೆದು ಬಾಗಿಲ ಹತ್ತಿರ ಎಸೆಯುತ್ತಿದ್ದಳು.

ಈಗ ಕಥೆಗೆ ಬರೋಣ. ಆ ವಾರ ಅವನ ಮುಂದೆ ಎರಡು ಕೆಲಸ ಬಂದು ನಿಂತಿದ್ದವು.

ಒಂದು, ಕಂಪನಿಯಲ್ಲೇ. ಅವನ ವಿಭಾಗದ ಮುಖ್ಯಸ್ಥನ ಕುರ್ಚಿ ಖಾಲಿಯಾಗಿತ್ತು. ಸಾಹೇಬರು ಕರೆದು, "ಇನ್ಮೇಲೆ ನೀವೇ ಕೂತ್ಕೊಳ್ಳಿ" ಅಂದರು. ಸಂಬಳ ಹತ್ತಿರಹತ್ತಿರ ಎರಡರಷ್ಟು, ಮನೆ ಬಾಗಿಲಿಗೆ ಕಾರು, ಸ್ವಂತ ಕೋಣೆ. ಐದು ವರ್ಷ ಬಿಟ್ಟು ಹೋಗುವುದಿಲ್ಲ ಅಂತ ಸಹಿ ಹಾಕಬೇಕು, ಅಷ್ಟೇ. ಉತ್ತರ ಮಂಗಳವಾರ ಬೆಳಗ್ಗೆ ಹೇಳಬೇಕು.

ಇನ್ನೊಂದು, ಊರಿನ ಹಳೇ ವಾರಪತ್ರಿಕೆಯಲ್ಲಿ. ಅದರ ಸಂಪಾದಕರು ಮೂಗಿನ ಮೇಲೊಂದು, ನೆತ್ತಿಯ ಮೇಲೊಂದು ಕನ್ನಡಕ ಇಟ್ಟುಕೊಂಡು ಮೂರನೆಯದನ್ನು ಮೇಜಿನ ಮೇಲೆ ಹುಡುಕುವ ಮನುಷ್ಯ. ಪತ್ರಿಕೆಯ ಕೊನೇ ಪುಟ ತೀರಿಹೋದವರದ್ದು. ದೊಡ್ಡವರದ್ದಲ್ಲ. ಬೀಗ ರಿಪೇರಿಯವನು, ಸಿನಿಮಾ ಮಂದಿರದಲ್ಲಿ ಟಿಕೆಟ್ ಹರಿಯುತ್ತಿದ್ದವನು, ಹೊಲಿಗೆಯವಳು, ಇಂಥವರದ್ದು. ಅವರ ಮನೆಗೆ ಹೋಗಿ, ಕೂತು, ಕೇಳಿ, ಒಬ್ಬೊಬ್ಬರ ಬಗ್ಗೆ ಒಂದು ಪುಟ ಬರೆಯಬೇಕು. ಬರೆಯುತ್ತಿದ್ದವರಿಗೆ ಕಣ್ಣು ಮಂಜಾಗಿ ಬಿಟ್ಟುಹೋಗಿದ್ದರು. ಹುಡುಗನಾಗಿದ್ದಾಗ ಇವನು ಬರೆದ ಕಥೆಯನ್ನು ಅಚ್ಚು ಹಾಕಿದ್ದವರು ಇದೇ ಸಂಪಾದಕರು. ದಾರಿಯಲ್ಲಿ ಸಿಕ್ಕಿ ತೋಳು ಹಿಡಿದುಕೊಂಡರು. "ಬಾರಯ್ಯಾ. ಆದ್ರೆ ಸಂಬಳ ಎಷ್ಟು ಅಂತ ಮಾತ್ರ ಕೇಳಬೇಡ, ಹೇಳೋಕೆ ನನಗೇ ನಾಚಿಕೆ."

ಅವನಿಗೆ ಆ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತು ಅಂದರೆ ಮನೆಗೆ ಬಂದವನು ಸೋಫಾದ ಕಡೆಗೂ ಹೋಗದೆ ನಿಂತಲ್ಲೇ ಹೆಂಡತಿಗೆ ಹೇಳಿದ. ಅವಳು ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಒಂದು ಮಾತು ಕೇಳ್ತೀನಿ ರೀ. ನಿಮಗೆ ಇನ್ನೂ ಬರೆಯೋಕೆ ಬರುತ್ತಾ?"

"ಅಂದ್ರೆ?"

"ಅಂದ್ರೆ ಅಂದ್ರೇನೇ. ನಾನು ಬಂದಾಗಿಂದ ನೀವು ಬರೆದಿದ್ದು ಒಂದು ಪುಟ ನೋಡಿಲ್ಲ. ಕಡಿಮೆ ಸಂಬಳಕ್ಕೆ ನಾನು ಹೆದರಲ್ಲ. ಅಲ್ಲಿಗೆ ಹೋಗಿ ಅಲ್ಲೂ ಶೂ ಬಿಚ್ಚದೆ ಕೂತ್ರೆ? ಇದೂ ಇಲ್ಲ, ಅದೂ ಇಲ್ಲ."

ಅವನಿಗೆ ಸಿಟ್ಟು ಬಂತು. ಅವನ ಹೆದರಿಕೆಯೂ ಅದೇ ಆಗಿತ್ತಲ್ಲ.

*

ಇದರ ನಡುವೆ ಅಕ್ಕನ ಬೀಳ್ಕೊಡುಗೆ ಬಂತು.

ಅಕ್ಕ ಅಂದರೆ ಅವನ ಪಾಲಿಗೆ ಅಕ್ಕನೂ ಹೌದು, ತಾಯಿಯೂ ಹೌದು. ಅಮ್ಮ ಬೇಗ ಹೋದಮೇಲೆ ಚಿಕ್ಕಪ್ಪನ ಮನೆಯಲ್ಲಿ ಇವನನ್ನು ಬೆಳೆಸಿದ್ದು, ಓದಿಸಿದ್ದು ಅವಳು. ಮದುವೆ ಗಿದುವೆ ಅಂತ ಯಾರಾದರೂ ಬಾಯಿ ತೆರೆದರೆ "ಮೊದಲು ಇವನೊಬ್ಬ ದಡ ಸೇರಲಿ" ಅನ್ನುತ್ತಿದ್ದಳು. ಇವನು ದಡ ಸೇರುವ ಹೊತ್ತಿಗೆ ಅವಳ ದೋಣಿ ಹೋಗಿಬಿಟ್ಟಿತ್ತು. ಆಸ್ಪತ್ರೆಯಲ್ಲಿ ಆಪರೇಷನ್ ಸಾಮಾನನ್ನು, ಕತ್ತರಿ, ಚಿಮಟ, ಬಟ್ಟೆ ಎಲ್ಲವನ್ನೂ ತೊಳೆದು ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವ ಕೋಣೆಯಲ್ಲಿ ಅವಳ ಕೆಲಸ. ಅಲ್ಲಿ ಏನು ಮಾಡುತ್ತಾಳೆ ಅಂತ ಇವನು ಯಾವತ್ತೂ ಕೇಳಿರಲಿಲ್ಲ. ಅಕ್ಕ ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ. ಸೂರ್ಯ ಎಲ್ಲಿ ಹೋಗಿದ್ದ ಅಂತ ಕೇಳುತ್ತೇವಾ?

ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸಮಾರಂಭ. ಮರುದಿನ ಅವಳ ಕೊನೇ ಡ್ಯೂಟಿ. "ತಮ್ಮ ಭಾಷಣ ಬರೆಯೋರಂತೆ, ಅವರೇ ಎರಡು ಮಾತಾಡ್ಲಿ" ಅಂತ ಹೆಡ್ ನರ್ಸ್ ಹೇಳಿಕಳಿಸಿದ್ದರು. ಇವನು ಬರೆಯಬೇಕು ಬರೆಯಬೇಕು ಅಂದುಕೊಂಡ. ಬುಧವಾರ ಸುಸ್ತು, ಗುರುವಾರ ಇನ್ನೂ ಸುಸ್ತು. ಶುಕ್ರವಾರ ಬೆಳಗ್ಗೆ ಆಫೀಸಿನಲ್ಲಿ ಬೀಳ್ಕೊಡುಗೆಯ ತುಂಡು ತೆಗೆದ, ಖಾಲಿ ಜಾಗದಲ್ಲಿ ಅಕ್ಕನ ಹೆಸರು ಹಾಕಿದ, ಕಾಗದಕ್ಕೆ ಇಳಿಸಿಕೊಂಡು ಜೇಬಿಗೆ ತುರುಕಿಕೊಂಡ.

ಕ್ಯಾಂಟೀನಿನಲ್ಲಿ ಮೇಜುಗಳನ್ನು ಗೋಡೆಗೆ ತಳ್ಳಿ ಕುರ್ಚಿ ಹಾಕಿದ್ದರು. ನರ್ಸುಗಳು, ಆಯಾಗಳು, ಅಡುಗೆಯವರು, ಬಾಗಿಲಲ್ಲಿ ನಿಂತ ಒಂದಿಬ್ಬರು ಡಾಕ್ಟರು. ಅಕ್ಕ ಮುಂದಿನ ಸಾಲಿನಲ್ಲಿ ಹೊಸ ಚಪ್ಪಲಿ ಹಾಕಿಕೊಂಡು, ಕೈ ಎಲ್ಲಿ ಇಡಬೇಕು ಅಂತ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಇವನು ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ಅಭ್ಯಾಸ ನೋಡಿ, ಸಾಹೇಬರ ಕೆಮ್ಮೂ ಬಂತು.

"ಇವರದ್ದು ಬರೀ ಕೆಲಸ ಅಲ್ಲ, ಸೇವೆ" ಅಂದ. ಎಲ್ಲರೂ ತಲೆ ಆಡಿಸಿದರು. "ಹಗಲಿರುಳೆನ್ನದೆ ದುಡಿದ ಜೀವ" ಅಂದ. ಒಬ್ಬಿಬ್ಬರು ಕಣ್ಣು ಒರೆಸಿಕೊಂಡರು. ಹುರುಪು ಬಂತು. ಧ್ವನಿ ಏರಿಸಿ ಮುಂದಿನ ಸಾಲು ಓದಿದ. "ಎಲ್ಲಕ್ಕಿಂತ ಹೆಚ್ಚಾಗಿ, ಇವರ ಕೋಣೆಯ ಬಾಗಿಲು ಎಲ್ಲರಿಗೂ ಸದಾ ತೆರೆದೇ ಇರುತ್ತಿತ್ತು! ಯಾರು ಬೇಕಾದರೂ, ಯಾವ ಹೊತ್ತಿನಲ್ಲಿ ಬೇಕಾದರೂ, ಹೇಳದೆ ಕೇಳದೆ ಒಳಗೆ ಬರಬಹುದಿತ್ತು!"

ಕ್ಯಾಂಟೀನು ಗಪ್‌ಚುಪ್. ಅಡುಗೆಯವರ ಕಡೆಯಿಂದ ಯಾರೋ ಮೂಗಿನಲ್ಲಿ ಕುಸ್ ಅಂದರು. ಅಷ್ಟೇ ಸಾಕಾಯಿತು. ಇಡೀ ಕೋಣೆ ಬಿದ್ದುಬಿದ್ದು ನಗತೊಡಗಿತು. ಬಾಗಿಲಲ್ಲಿದ್ದ ಡಾಕ್ಟರು ಗೋಡೆ ಹಿಡಿದುಕೊಂಡರು.

ಹೆಡ್ ನರ್ಸ್ ಕಣ್ಣೀರು ಒರೆಸಿಕೊಂಡು ಪಾಪ ಅಂತ ಇವನ ಹತ್ತಿರ ಬಂದರು. "ಸರ್, ನಿಮ್ಮಕ್ಕನಿಗೆ ಇಲ್ಲಿ ಬಾಗಿಲಮ್ಮ ಅಂತಾನೇ ಹೆಸರು. ಆ ಕೋಣೆ ಬಾಗಿಲು ತೆರೆದಿದ್ರೆ ಧೂಳು ಬರುತ್ತೆ, ಶುದ್ಧ ಮಾಡಿದ್ದೆಲ್ಲ ಕೆಟ್ಟ ಹಾಗೆ. ಯಾರೇ ಬರ್ಲಿ, 'ಬಾಗಿಲು!' ಅಂತ ಒಂದು ಕೂಗು. ಅಗೋ ಆ ಡಾಕ್ಟರು ಹೊಸದಾಗಿ ಬಂದಾಗ ತಲೆ ಒಳಗೆ ಹಾಕಿದ್ರು, ಇವರು ಮೂಗಿನ ಮೇಲೇ ಬಾಗಿಲು ಹಾಕಿಬಿಟ್ರು."

ಅಕ್ಕನೂ ನಗುತ್ತಿದ್ದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಇವನೂ ನಕ್ಕ. ಬೇಕೆಂದೇ ಹಾಗೆ ಹೇಳಿದೆ ಅನ್ನುವ ಹಾಗೆ ನಕ್ಕ, ಅದು ನಾಚಿಕೆಗೇಡು. ಉಳಿದದ್ದನ್ನು ಓದಿ ಮುಗಿಸಿದ. ಚಪ್ಪಾಳೆ ಬಿತ್ತು.

*

ಅಕ್ಕನ ಮನೆ ಅಲ್ಲಿಂದ ಹತ್ತಿರವೇ. ಇಬ್ಬರೂ ನಡೆದುಕೊಂಡು ಹೊರಟರು. ಅವಳಿಗೆ ಗೋಡೆ ಗಡಿಯಾರ ಕೊಟ್ಟಿದ್ದರು. ಇವನು ಹಿಡಿದುಕೊಳ್ಳುತ್ತೇನೆ ಅಂದರೆ ಕೊಡಲಿಲ್ಲ. "ಇಷ್ಟು ವರ್ಷ ಗಡಿಯಾರ ನೋಡ್ಕೊಂಡು ಓಡಿದ್ದಾಯ್ತು. ಈಗ ಓಡೋದು ಬೇಡ ಅಂದಾಗ ಗಡಿಯಾರ ಕೊಡ್ತಾರೆ ನೋಡು" ಅಂದಳು. ಸ್ವಲ್ಪ ದೂರ ಹೋದರು.

"ಚೆನ್ನಾಗಿ ಮಾತಾಡಿದೆ ಪುಟ್ಟು. ಧ್ವನಿ ಚೆನ್ನಾಗಿತ್ತು."

"ಹ್ಞೂಂ."

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ." ಅವಳು ನಿಂತಳು. "ಯಾರ ಬಗ್ಗೆ ಹೇಳಿದೆ?"

ಚುಚ್ಚಿ ಕೇಳಿದ್ದಲ್ಲ. ಚುಚ್ಚಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ದಾರಿಯಲ್ಲಿ ಬಿದ್ದ ಕೀಲಿಕೈ ಯಾರದ್ದು ಅಂತ ಕೇಳುವ ಹಾಗೆ, ನಿಜವಾಗಿ ತಿಳಿದುಕೊಳ್ಳುವುದಕ್ಕೆ ಕೇಳಿದಳು.

"ನಿನ್ನ ಬಗ್ಗೇನೇ, ಅಕ್ಕಾ."

"ಹೌದಾ?" ಅಂದಳು. ಗಡಿಯಾರವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು. "ಇರ್ಲಿ ಬಿಡು. ನಿನಗೂ ಕೆಲಸ ಜಾಸ್ತಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಇವನದ್ದು ಅದಕ್ಕಿಂತ ಕಡೆ. ಆಡಿದ ಮಾತು ಇವನದ್ದಾಗಿರಲೇ ಇಲ್ಲ. ಅವಳನ್ನು ಮನೆಗೆ ಬಿಟ್ಟು ವಾಪಸು ಬರುವಾಗ, ಬೇರೆ ಯಾರಿಗೆ ಬೇಕಾದರೂ ತುಂಡು ಓದಲಿ, ಹೊತ್ತು ಬೆಳೆಸಿದ ಅಕ್ಕನಿಗೆ ಓದಿದೆನಲ್ಲ ಅನ್ನಿಸಿ ರಸ್ತೆಯಲ್ಲೇ ಅಳು ಬಂತು.

*

ಶನಿವಾರ ಆಫೀಸಿಗೆ ರಜೆ ಹಾಕಿ ಆಸ್ಪತ್ರೆಗೆ ಹೋದ. ಅಕ್ಕ ಅವನನ್ನು ನೋಡಿ, "ಏನೋ, ಯಾರಿಗೆ ಹುಷಾರಿಲ್ಲ?" ಅಂದಳು.

"ಯಾರಿಗೂ ಏನಿಲ್ಲ. ನೀನು ಏನು ಮಾಡ್ತೀಯ ಅಂತ ನೋಡೋಣ ಅಂತ ಬಂದೆ."

"ಈಗ? ಕೊನೇ ದಿನ?" ಅಂದು ನಕ್ಕಳು. "ಒಳಗೆ ಬರೋ ಹಾಗಿಲ್ಲ. ಅಲ್ಲಿ ಬೆಂಚಿದೆ, ಕೂತ್ಕೋ." ಹಾಗಂದು ತಮ್ಮನ ಮೂಗಿನ ಮೇಲೂ ಬಾಗಿಲು ಹಾಕಿದಳು.

ಬಾಗಿಲಲ್ಲಿ ಒಂದು ತಟ್ಟೆಯಷ್ಟು ಅಗಲದ ಗಾಜು. ಅದರಲ್ಲಿ ಮುಖ ಇಟ್ಟು ನೋಡಿದ. ಅಕ್ಕ ತಲೆಗೆ ಟೊಪ್ಪಿ ಹಾಕಿಕೊಂಡು ಮೇಜಿನ ಮುಂದೆ ನಿಂತಿದ್ದಳು. ಒಂದೊಂದೇ ಕತ್ತರಿ ಎತ್ತಿ ದೀಪಕ್ಕೆ ಹಿಡಿದು, ಬಾಯಿ ತೆರೆದು ಮುಚ್ಚಿ, ಕೀಲಿನ ಸಂದಿಯಲ್ಲಿ ಬ್ರಷ್ಷು ಆಡಿಸಿ ಇಡುತ್ತಿದ್ದಳು. ತಟ್ಟೆ ತುಂಬಿದ ಮೇಲೆ ಹಸಿರು ಬಟ್ಟೆಯಲ್ಲಿ ಸುತ್ತಿದಳು, ಒಂದು ಸುತ್ತು, ಅದರ ಮೇಲೆ ಇನ್ನೊಂದು ಸುತ್ತು, ಮೂಲೆಗಳನ್ನು ಒಳಗೆ ಸೇರಿಸಿ. ಮೇಲೆ ಒಂದು ಟೇಪು. ಗಂಟುಗಳನ್ನೆಲ್ಲ ಬೀರುವಿನಷ್ಟು ದೊಡ್ಡ ಹಬೆಯ ಯಂತ್ರದೊಳಗೆ ಇಟ್ಟು ಅದರ ಬಾಗಿಲು ತಿರುಗಿಸಿದಳು. ಆಮೇಲೆ ಕಾದಳು. ಹೊರಗೆ ತೆಗೆದಾಗ, ಹಬೆ ತಾಗಿದ ಗುರುತಿಗೆ, ಟೇಪಿನ ಮೇಲಿನ ಗೆರೆಗಳು ಕಪ್ಪಾಗಿದ್ದವು. ಪ್ರತಿ ಗಂಟನ್ನೂ ತಿರುಗಿಸಿ ಗೆರೆ ನೋಡಿದಳು. ಒಂದು ಗಂಟಿನ ತಳ ಒದ್ದೆಯಾಗಿತ್ತು ಅಂತ ಕಾಣುತ್ತೆ, ಅದನ್ನು ಪಕ್ಕಕ್ಕೆ ಎಸೆದು ಮತ್ತೆ ಮೊದಲಿಂದ ಶುರು ಮಾಡಿದಳು. ಕೊನೇ ದಿನ ಅಂತ ಕೈ ಸ್ವಲ್ಪವಾದರೂ ಸಡಿಲಾಗಲಿಲ್ಲ.

ಇವನಿಗೆ ಕಾಲು ನೋಯುತ್ತಿತ್ತು, ಆದರೂ ಬೆಂಚಿಗೆ ಹೋಗಲಿಲ್ಲ. ಎಷ್ಟೋ ವರ್ಷದ ಮೇಲೆ ಏನನ್ನೋ ನೋಡಿ ಹೊಟ್ಟೆಕಿಚ್ಚಾಯಿತು ಅವನಿಗೆ. ಅವಳೂ ಮಾಡಿದ್ದನ್ನೇ ಮಾಡುತ್ತಿದ್ದಳು, ದಿನಾ, ಇಷ್ಟು ವರ್ಷ. ಆದರೆ ಕೈಯಲ್ಲಿದ್ದ ಕತ್ತರಿಯನ್ನು ಪ್ರತಿ ಸಲವೂ ನೋಡುತ್ತಿದ್ದಳು.

ಊಟದ ಹೊತ್ತಿಗೆ ಹೊರಗೆ ಬಂದು ಬೆಂಚಿನ ಮೇಲೆ ಡಬ್ಬಿ ಬಿಚ್ಚಿದಳು. ಅರ್ಧ ಇವನ ಕಡೆ ತಳ್ಳಿದಳು.

"ಬಾಗಿಲು ತೆರೆದಿತ್ತು ಅಂತ ನಿಜವಾಗ್ಲೂ ಯಾವತ್ತಾದ್ರೂ ಆಗಿದೆಯಾ ಅಕ್ಕಾ?"

"ಆಗಿದೆ. ಒಂದು ಸಲ." ಡಬ್ಬಿಯ ಮುಚ್ಚಳ ಒರೆಸುತ್ತ ಹೇಳಿದಳು. "ನನ್ನ ಡ್ಯೂಟಿ ಮುಗಿದಿತ್ತು. ಮಾಡಿದ್ದೆಲ್ಲ ಹೊರಗೆ ತೆಗೆದು ಆರೋಕೆ ಇಟ್ಟು ಕೈ ತೊಳೆಯೋಕೆ ಹೋಗಿದ್ದೆ. ಬಂದು ನೋಡಿದ್ರೆ ನೆಲ ಒರೆಸೋರು ಬಾಗಿಲಿಗೆ ಸ್ಟೂಲು ಕೊಟ್ಟು ಹೋಗಿದಾರೆ. ಎಷ್ಟು ಹೊತ್ತಿಂದ ತೆರೆದಿತ್ತೋ ಯಾರಿಗೆ ಗೊತ್ತು? ಟೇಪಿನ ಗೆರೆ ಎಲ್ಲ ಕಪ್ಪಗೇ ಇತ್ತು, ನೋಡಿದ್ರೆ ಯಾರಿಗೂ ತಿಳೀತಿರಲಿಲ್ಲ. ಬೆಳಗ್ಗೆ ಒಂದು ಮಗೂಗೆ ಆಪರೇಷನ್ ಇತ್ತು."

"ಏನು ಮಾಡಿದೆ?"

"ಏನು ಮಾಡೋದು? ಸ್ಟೂಲು ತೆಗೆದೆ, ಬಾಗಿಲು ಹಾಕಿದೆ, ಎಲ್ಲಾ ಬಿಚ್ಚಿ ಮತ್ತೆ ಮಾಡಿದೆ. ಮುಗಿಯೋ ಹೊತ್ತಿಗೆ..." ಅವಳು ತಡೆದಳು. "ಬಿಡು, ಅದೆಲ್ಲ ಹಳೇದು."

"ಮುಗಿಯೋ ಹೊತ್ತಿಗೆ ಏನು?"

"ನೀನು ಓದೋದು ಮುಗಿದಿತ್ತು. ಲೈಬ್ರರೀಲಿ."

ಅವನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಅವನ ಮೊದಲನೇ ಕಥೆ ಅಚ್ಚಾದಾಗ ಎರಡು ಕನ್ನಡಕದ ಸಂಪಾದಕರು ಲೈಬ್ರರಿಯ ಹಾಲಿನಲ್ಲಿ ಅದನ್ನು ಓದಿಸಿದ್ದರು. ಅಕ್ಕ ಬಂದೇ ಬರುತ್ತೇನೆ ಅಂದಿದ್ದಳು. ಮುಂದಿನ ಸಾಲಿನಲ್ಲಿ ಅವಳಿಗೆ ಅಂತ ಒಂದು ಕುರ್ಚಿ ಹಿಡಿದಿಟ್ಟಿದ್ದ. ಕೊನೇವರೆಗೂ ಅದು ಖಾಲಿಯೇ. ಅದಕ್ಕೂ ಮೊದಲು ಬರೆದದ್ದೆಲ್ಲ ಅವಳಿಗೇ ಓದುತ್ತಿದ್ದದ್ದು. ಚಿಕ್ಕಪ್ಪನ ಮನೆ ಸಂತೆಯ ಹಾಗೆ, ಮೂಲೆಗೊಬ್ಬರು. ಇವನು ಕಾಗದ ಹಿಡಿದು ಬಂದರೆ ಅವಳು ಎದ್ದು ಅಡುಗೆಮನೆ ಬಾಗಿಲು ಹಾಕಿ, "ಈಗ ಓದು" ಅನ್ನುತ್ತಿದ್ದಳು. ಹೊರಗಿಂದ ಯಾರು ಬಡಿದರೂ ಮುಗಿಯುವವರೆಗೆ ತೆಗೆಯುತ್ತಿರಲಿಲ್ಲ. ಲೈಬ್ರರಿಯ ದಿನದಿಂದ ಇವನು ಮುಖ ಊದಿಸಿಕೊಂಡ. ಮತ್ತೆ ಅವಳಿಗೆ ಯಾವತ್ತೂ ಏನೂ ಓದಲಿಲ್ಲ. ಆಮೇಲೆ ಪೈಪಿನ ಕಂಪನಿ ಸಿಕ್ಕಿತು, ಓದುವುದಕ್ಕೆ ಏನೂ ಇರಲೂ ಇಲ್ಲ.

"ಆವತ್ತೇ ಹೇಳಬಾರದಿತ್ತಾ ಅಕ್ಕಾ!"

"ಏನಂತ ಹೇಳ್ಲಿ? ಬಾಗಿಲಿಗೆ ಸ್ಟೂಲು ಇಟ್ಟಿದ್ರು ಅಂತಾನಾ? ನೀನು ಬೇರೆ ದೊಡ್ಡ ಸಾಹಿತಿ ಆಗಿಬಿಟ್ಟಿದ್ದೆ, ಮಾತಾಡಿಸಿದ್ರೆ ಹಾರಿ ಬೀಳ್ತಿದ್ದೆ." ಅವಳು ಡಬ್ಬಿ ಮುಚ್ಚಿದಳು. "ಉಣ್ಣು. ಹೊತ್ತಾಯ್ತು ನನಗೆ."

*

ಭಾನುವಾರ ಬೆಳಗ್ಗೆ ಬರೆಯಲು ಕೂತ. ಅಯ್ಯೋ, ಅವನ ಪಾಡು ಯಾರಿಗೂ ಬೇಡ! ಮೊದಲನೇ ಸಾಲು ಬರೆದರೆ "ಹಗಲಿರುಳೆನ್ನದೆ" ಅಂತ ಬಂತು. ಹೊಡೆದುಹಾಕಿದ. ಎರಡನೇ ಸಲ "ಸೇವೆಯೇ ಉಸಿರಾಗಿ" ಅಂತ ಬಂತು. ಕಾಗದ ಮುದ್ದೆ ಮಾಡಿ ಎಸೆದ. ತುಂಡುಗಳು ಕಂಪ್ಯೂಟರಿನಲ್ಲಿ ಇವೆ ಅಂದುಕೊಂಡಿದ್ದ, ಅವು ಕೈಯೊಳಗೇ ಸೇರಿಕೊಂಡಿದ್ದವು. ಹೆಂಡತಿ ಕಸ ಗುಡಿಸುತ್ತ ಬಂದು ಮುದ್ದೆಗಳನ್ನು ನೋಡಿ, ಪೊರಕೆಯಿಂದ ಒಂದು ಕಡೆ ಸೇರಿಸಿ ಹೋದಳು.

ಮಧ್ಯಾಹ್ನ ಅವನು ಪೆನ್ನು ಕೆಳಗಿಟ್ಟು ತಲೆ ಹಿಡಿದುಕೊಂಡ. "ಆಗಲ್ಲ ಕಣೇ. ನೀನು ಹೇಳಿದ್ದೇ ನಿಜ. ಒಳಗೆ ಏನೂ ಉಳಿದಿಲ್ಲ. ಕುರ್ಚಿ ಒಪ್ಕೊಂಡುಬಿಡ್ತೀನಿ."

ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಳು. "ಒಪ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಅರ್ಧಕ್ಕೆ ಬಿಟ್ಟು ಒಪ್ಕೊಂಡ್ರೆ ಇನ್ನು ಐದು ವರ್ಷ ನನ್ನ ತಲೆ ತಿಂತೀರ. ಇದೊಂದು ಪುಟ ಮುಗಿಸಿ. ನಾಳೆ ಸಂಜೆ ಅತ್ತಿಗೆಗೆ ಓದಿ ಹೇಳಿ, ನಾನೂ ಬರ್ತೀನಿ. ಅವರಿಗೆ ಮುಖ ನೋಡಿ ಮಾತಾಡಿ ಗೊತ್ತಿಲ್ಲ, ಕಡ್ಡಿ ಮುರಿದ ಹಾಗೆ ಹೇಳ್ತಾರೆ. ಮೊನ್ನೆ ಕೇಳಿದ್ರು ಅಂದ್ರಲ್ಲ, ಹಾಗೆ ಮತ್ತೆ 'ಯಾರ ಬಗ್ಗೆ' ಅಂತ ಕೇಳಿದ್ರೆ ಮಂಗಳವಾರ ಹೋಗಿ ಸಹಿ ಹಾಕಿ, ಇನ್ಮೇಲೆ ಬರೆಯೋ ಮಾತು ಈ ಮನೇಲಿ ಎತ್ತಬೇಡಿ. ಕೇಳದೆ ಇದ್ರೆ..."

"ಕೇಳದೆ ಇದ್ರೆ?"

"ಕೇಳದೆ ಇದ್ರೆ ನಾನು ಹೊಟ್ಟೆ ಬಟ್ಟೆ ಕಟ್ಟೋಕೆ ತಯಾರು. ಆಯ್ತಾ?"

ಆಯಿತು ಅಂದ. ಮತ್ತೆ ಪೆನ್ನು ಹಿಡಿದು, ಈ ಸಲ ಅಕ್ಕ ಎಷ್ಟು ಒಳ್ಳೆಯವಳು ಅನ್ನುವ ಗೋಜಿಗೇ ಹೋಗಲಿಲ್ಲ. ಬಾಗಿಲಿನ ಗಾಜಿನಿಂದ ಏನು ಕಂಡಿತೋ ಅದನ್ನು ಬರೆದ. ಕಂಡಷ್ಟೇ. ಸಂಜೆಯ ಹೊತ್ತಿಗೆ ಒಂದು ಪುಟವಾಯಿತು. ಕತ್ತು, ಬೆನ್ನು, ಬೆರಳು ಎಲ್ಲ ಹಿಡಿದುಕೊಂಡಿದ್ದವು. ಎದ್ದು ನಿಂತಾಗ ಗೊತ್ತಾಯಿತು, ಶೂ ಇರಲಿ, ಬೆಳಗಿನಿಂದ ಚಪ್ಪಲಿಯನ್ನೂ ಹಾಕಿರಲಿಲ್ಲ.

*

ಸೋಮವಾರ ಸಂಜೆ ಅಕ್ಕನ ಮನೆಯ ಅಡುಗೆಮನೆಯಲ್ಲಿ ಮೂವರೂ ಕೂತರು. ಹೊಸ ಗಡಿಯಾರ ಗೋಡೆ ಮೇಲಿರಲಿಲ್ಲ, ಬಟ್ಟೆ ಹೊದಿಸಿ ಬೀರುವಿನ ಮೇಲೆ ಇಟ್ಟಿದ್ದಳು. ಬೀದಿ ಬಾಗಿಲು ತೆರೆದಿತ್ತು. ಹೊರಗೆ ಸ್ಕೂಟರು, ತರಕಾರಿ ಗಾಡಿ, ಪಕ್ಕದ ಮನೆಯ ಟಿವಿ.

"ಏನೋ ಓದ್ತಾನಂತೆ" ಅಂದಳು ಅಕ್ಕ, ಹೆಂಡತಿಯ ಕಡೆ ನೋಡಿ. ಕೈಯಲ್ಲಿ ಬೀನ್ಸು ಮುರಿಯುತ್ತಿದ್ದಳು.

ಅವನು ಕಾಗದ ಬಿಚ್ಚಿದ. ಸಾವಿರ ಜನರ ಮುಂದೆ ಓದುವ ಮಾತು ಬರೆದ ಮನುಷ್ಯನಿಗೆ ಬೀನ್ಸು ಮುರಿಯುವ ಒಬ್ಬ ಹೆಂಗಸಿನ ಮುಂದೆ ಸಾಲು ತಪ್ಪದ ಹಾಗೆ ಬೆರಳು ಇಟ್ಟುಕೊಳ್ಳಬೇಕಾಯಿತು.

"ಅವಳ ಕೋಣೆಯ ಬಾಗಿಲು ಯಾವತ್ತೂ ಮುಚ್ಚಿರುತ್ತಿತ್ತು" ಅಂತ ಓದಿದ. "ಒಳಗೆ ಹೋದವರಿಲ್ಲ. ಅವಳ ಮುಖ ನೋಡದೆ, ಅವಳು ತೊಳೆದ ಕತ್ತರಿಯಿಂದ ಬದುಕಿಕೊಂಡು ಮನೆಗೆ ಹೋದವರು ಈ ಊರಿನ ಪ್ರತಿ ಬೀದಿಯಲ್ಲೂ ಇದ್ದಾರೆ. ಕತ್ತರಿಯನ್ನು ಅವಳು ಮೊದಲು ದೀಪಕ್ಕೆ ಹಿಡಿಯುತ್ತಾಳೆ. ಆಮೇಲೆ ಅದರ ಬಾಯಿ ತೆರೆಯುತ್ತಾಳೆ..."

ಬೀನ್ಸು ಮುರಿಯುವ ಸದ್ದು ನಿಂತಿತು.

ಅವನು ತಲೆ ಎತ್ತಲಿಲ್ಲ. ಹಸಿರು ಬಟ್ಟೆಯ ಸುತ್ತು ಓದಿದ, ಕಪ್ಪಾದ ಗೆರೆ ಓದಿದ. ಸ್ಟೂಲಿನ ದಿನದ ಹಸಿರು ಗಂಟುಗಳ ಹತ್ತಿರ ಬಂದಾಗ ಅಕ್ಕ, "ಆಗ ಬಟ್ಟೆ ಹಸಿರಲ್ಲ, ನೀಲಿ" ಅಂದಳು. ಅವನು ಆ ಸಾಲಿಗೆ ಉಗುರಿನಿಂದ ಗುರುತು ಮಾಡಿದ. ಮುಂದೆ ಓದಿದ.

"ಎಲ್ಲ ಗಂಟುಗಳನ್ನೂ ಮತ್ತೆ ಬಿಚ್ಚಿದಳು. ಯಾರೂ ಹೇಳಿರಲಿಲ್ಲ, ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಆ ಸಂಜೆ ಊರಿನ ಇನ್ನೊಂದು ಕಡೆ ಅವಳ ತಮ್ಮ ಒಂದು ಕುರ್ಚಿ ಕಾಯ್ದಿಟ್ಟು ಸಿಟ್ಟಾಗುತ್ತಿದ್ದ. ಬೆಳಗ್ಗೆ ಮಗುವಿನ ಆಪರೇಷನ್ ಆಯಿತು. ಆ ಮಗುವಿಗೆ ಈಗ ಮಕ್ಕಳಿರಬಹುದು. ತಮ್ಮನಿಗೆ ವಿಷಯ ತಿಳಿದದ್ದು ಮೊನ್ನೆ."

ಮುಗಿಯಿತು. ಪಕ್ಕದ ಮನೆಯ ಟಿವಿಯಲ್ಲಿ ಯಾರೋ ಜೋರಾಗಿ ಜಾಹೀರಾತು ಹೇಳುತ್ತಿದ್ದರು. ಅಕ್ಕ ಮಡಿಲಲ್ಲಿದ್ದ ಬೀನ್ಸು ನೋಡುತ್ತಲೇ ಇದ್ದಳು. ಮುಗಿಯಿತು ನನ್ನ ಕಥೆ, ನಾಳೆ ಸಹಿ ಹಾಕುವುದೇ ಅಂತ ಅವನು ಕಾಗದ ಮಡಚತೊಡಗಿದ.

ತಡೆಯಲಾರದೆ ಹೆಂಡತಿಯೇ ಕೇಳಿದಳು. "ಅತ್ತಿಗೆ, ಇದು ಯಾರ ಬಗ್ಗೆ?"

ಅಕ್ಕ ತಲೆ ಎತ್ತಿ ಅವಳನ್ನು ದುರುಗುಟ್ಟಿ ನೋಡಿದಳು. ಕಣ್ಣು ತುಂಬಿದ್ದವು, ಆದರೆ ಧ್ವನಿಯಲ್ಲಿ ಗದರಿಕೆಯೇ. "ಯಾರ ಬಗ್ಗೆ ಅಂದ್ರೆ? ಕಿವಿ ಕೇಳಿಸಲ್ವೇನೇ ನಿನಗೆ?"

ಹಾಗಂದವಳು ಬೀನ್ಸಿನ ತಟ್ಟೆ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದಳು. ಬೀದಿ ಬಾಗಿಲು ಹಾಕಿದಳು. ಒಳಗೆ ಬಂದು ಅಡುಗೆಮನೆಯ ಬಾಗಿಲನ್ನೂ ಹಾಕಿದಳು. ಸ್ಕೂಟರು, ತರಕಾರಿ ಗಾಡಿ, ಟಿವಿ ಎಲ್ಲ ದೂರವಾದವು. ಬಂದು ತಮ್ಮನ ಎದುರು ಕೂತಳು.

"ಈಗ ಓದು" ಅಂದಳು. "ಮೊದಲಿಂದ."

ಹೆಂಡತಿ ದೊಡ್ಡದಾಗಿ ಉಸಿರು ಬಿಟ್ಟಳು. "ಹಾಗಾದ್ರೆ ನಾಳೆಯಿಂದ ಬೇಗ ಏಳ್ಬೇಕು ನೀವು. ಆ ಪತ್ರಿಕೆ ಕಡೆಗೆ ಬಸ್ಸು ಕಮ್ಮಿ."

ಅಕ್ಕ ಅವಳ ಕಡೆ ಕೈ ತೋರಿಸಿ ಸುಮ್ಮನಿರಿಸಿದಳು. ಅವನು ಕಾಗದ ಮತ್ತೆ ಬಿಚ್ಚಿ, ಸ್ಟೂಲಿನ ಸಾಲಿನಲ್ಲಿ ಹಸಿರು ಅಂತ ಇದ್ದದ್ದನ್ನು ನೀಲಿ ಅಂತ ತಿದ್ದಿ, ಓದಲು ಶುರು ಮಾಡಿದ.